ಹಾಸಿಗೆ ಕೆಳಗಿನ ಹಾಳೆ ನಂಬಿ ಮಲಗಬಹುದಾ?

ಪ್ರಶ್ನೆ: ಸಿಸ್ಟರಮ್ಮ, ನಮ್ಮ ಮಾವನವರಿಗೆ ನ್ಯುಮೋನಿಯಾ. ಮೈಸೂರಿನ ಒಂದು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿದ್ದಾರೆ. ಹಾಸಿಗೆ ಕೆಳಗೆ ಒಂದು ಹಾಳೆ ಹಾಕಿದ್ದಾರೆ. ಮೈಮೇಲೆ ಒಂದು ವೈರೂ ಇಲ್ಲ. ‘ಹೆಚ್ಚುಕಮ್ಮಿ ಆದ್ರೆ ನಮ್ಮ ಸ್ಕ್ರೀನಿಗೆ ಬರುತ್ತೆ, ನೀವು ಮಲಗಿ’ ಅಂತಾರೆ. ರಾತ್ರಿ ಜೊತೆಗಿರುವುದು ನಾನೊಬ್ಬಳೇ. ನಂಬಬಹುದಾ?
– ಓದುಗರು, ಮದ್ದೂರು

ಉತ್ತರ: ಮಲಗಿ ತಾಯಿ, ನಿಮಗೂ ನಿದ್ದೆ ಬೇಕು. ಆದರೆ ಆ ಹಾಳೆಗೆ ಏನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ ಅಂತ ತಿಳಿದುಕೊಂಡು ಮಲಗಿ.

ಎದೆ ಬಡಿದಾಗ, ಉಸಿರು ಎಳೆದಾಗ ಮೈ ಸಣ್ಣಗೆ ಅದುರುತ್ತೆ. ಹಾಳೆ ಅದನ್ನು ಹಿಡಿದು ಪಲ್ಸು, ಉಸಿರು ಲೆಕ್ಕ ಹಾಕುತ್ತೆ. ಬೆಂಗಳೂರಿನ ಡೋಝೀ ಕಂಪನಿಯೇ ಇಂಥದ್ದನ್ನು ಮಾಡುತ್ತೆ. ಇದು ನಿಜಕ್ಕೂ ಒಳ್ಳೆಯದು, ಯಾಕೆಂದರೆ ವಾರ್ಡಿನಲ್ಲಿ ತುಂಬಾ ಸಲ ತಪ್ಪಿಹೋಗುವುದು ಉಸಿರಿನ ಲೆಕ್ಕವೇ. ನಾವು ಪಲ್ಸ್ ನೋಡುವವರ ಹಾಗೆ ಕೈ ಹಿಡಿದುಕೊಂಡು, ಕಣ್ಣು ಮಾತ್ರ ಹೊಟ್ಟೆ ಮೇಲೆ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದೆವು. ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ರೋಗಿಯ ಉಸಿರೇ ಬದಲಾಗುತ್ತೆ. ಮೂವತ್ತು ಬೆಡ್ಡಿಗೆ ಇಬ್ಬರು ಸಿಸ್ಟರ್ ಇದ್ದರೆ ಅದಕ್ಕೆಲ್ಲಿ ಬಿಡುವು?

ಈಗ ಅಂಕದ ಲೆಕ್ಕ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ‘ನ್ಯೂಸ್’ ಅನ್ನುವ ಪದ್ಧತಿ ತಂದಿತು (ಉಸಿರು, ಪಲ್ಸ್‌ನಂಥ ಒಂದೊಂದು ಅಳತೆಗೂ ಅಂಕ ಕೊಟ್ಟು ಕೂಡಿಸುವುದು; ಅಂಕ ಹೆಚ್ಚಾದಷ್ಟೂ ರೋಗಿಯ ಸ್ಥಿತಿ ಕೆಟ್ಟಿದೆ ಅಂತ), 2017ರಲ್ಲಿ ತಿದ್ದಿತು. ನಿಮ್ಮ ಮಾವನವರ ಉಸಿರು ನಿಮಿಷಕ್ಕೆ 24, ಪಲ್ಸ್ 112, ಆಕ್ಸಿಜನ್ 95 ಅಂತಿಟ್ಟುಕೊಳ್ಳಿ. ಒಂದೊಂದಾಗಿ ನೋಡಿದರೆ ಯಾವುದೂ ಗಾಬರಿ ಹುಟ್ಟಿಸಲ್ಲ. ಅಂಕ ಹಾಕಿದರೆ 2, 2, 1, ಒಟ್ಟು 5. ಐದಾದರೆ ಡಾಕ್ಟರು ಬೇಗ ಬಂದು ನೋಡಬೇಕು, ಗಂಟೆಗೊಮ್ಮೆಯಾದರೂ ಅಳತೆ ಆಗಬೇಕು. ಏಳು ಮುಟ್ಟಿತೋ, ತುರ್ತು. (ಹಳೇ ಶ್ವಾಸಕೋಶದ ಕಾಯಿಲೆ ಇರುವ ಕೆಲವರಿಗೆ ಆಕ್ಸಿಜನ್ ಅಂಕ ಬೇರೆ. ಅದನ್ನು ಡಾಕ್ಟರೇ ಹೇಳಬೇಕು.)

ಇನ್ನು ಹಾಳೆಗೆ ಗೊತ್ತಾಗದ್ದು. ಮಾವನವರು ಬಾತ್‌ರೂಮಿಗೆ ಎದ್ದು ಹೋದರೆ ಅದಕ್ಕೆ ಏನೂ ಸಿಗಲ್ಲ. ನಿನ್ನೆ ಸರಿಯಾಗಿ ಮಾತಾಡಿದವರು ಇವತ್ತು ‘ನಾನು ಗದ್ದೆಗೆ ಹೋಗ್ಬೇಕು, ಬಾಗಿಲು ತೆಗಿ’ ಅಂದರೆ, ಅದೂ ತಿಳಿಯಲ್ಲ. ಹೊಸದಾಗಿ ಶುರುವಾದ ಈ ಗಲಿಬಿಲಿಗೇ ನ್ಯೂಸ್‌ನಲ್ಲಿ ಪೂರ್ತಿ 3 ಅಂಕ! ‘ವಯಸ್ಸಾಗಿದೆ, ಬಡಬಡಿಸ್ತಾರೆ’ ಅಂತ ಯಾರಾದರೂ ಸುಮ್ನೆ ತಳ್ಳಿಹಾಕಿದರೆ ಒಪ್ಪಬೇಡಿ. ಅವರು ಮಾಮೂಲಿಯಾಗಿ ಹೇಗೆ ಮಾತಾಡ್ತಾರೆ ಅಂತ ಆ ವಾರ್ಡಿನಲ್ಲಿ ಗೊತ್ತಿರುವುದು ನಿಮಗೊಬ್ಬರಿಗೇ.

ಇಂಗ್ಲೆಂಡಿನಲ್ಲಿ 2021ರಲ್ಲಿ ಮಾರ್ಥಾ ಅನ್ನುವ 13 ವರ್ಷದ ಹುಡುಗಿ, ಸೋಂಕಿಗೆ ಮೈ ಮಿತಿಮೀರಿ ಪ್ರತಿಕ್ರಿಯಿಸಿ ಅಂಗಾಂಗ ಕೆಡುವ ಸೆಪ್ಸಿಸ್‌ನಿಂದ ತೀರಿಕೊಂಡಳು. ಅಪ್ಪ-ಅಮ್ಮನ ಆತಂಕಕ್ಕೆ ಯಾರೂ ಸರಿಯಾಗಿ ಕಿವಿಗೊಟ್ಟಿರಲಿಲ್ಲ. ಮನೆಯವರೇ ಬೇರೆ ತಂಡವನ್ನು ಕರೆಸಿ ತುರ್ತಾಗಿ ನೋಡಿಸುವ ‘ಮಾರ್ಥಾ ನಿಯಮ’ 2024ರಿಂದ ಅಲ್ಲಿನ ಆಸ್ಪತ್ರೆಗಳಿಗೆ ಬರತೊಡಗಿತು. ನಮ್ಮಲ್ಲೂ ಇಂಥದ್ದು ಬರಲೇಬೇಕು.

ಅಲಾರಂ ಜಾಸ್ತಿ ಹೊಡೆದುಕೊಂಡರೆ ಕಿವಿಗೆ ಅಭ್ಯಾಸವಾಗಿಬಿಡುತ್ತೆ, ಇದು ಯಾವ ವಾರ್ಡಿಗಾದರೂ ಇರುವ ಅಪಾಯ. ಹಾಗಾಗಿ ರಾತ್ರಿ ಡ್ಯೂಟಿ ಸಿಸ್ಟರ್ ಬಂದ ಕೂಡಲೇ ಕೇಳಿ: ಅಲಾರಂ ಹೊಡೆದರೆ ಯಾರು ಬರ್ತಾರೆ? ಎಷ್ಟು ಹೊತ್ತಿನಲ್ಲಿ? ಡ್ಯೂಟಿ ಡಾಕ್ಟರ್ ಎಲ್ಲಿರ್ತಾರೆ? ಏನಾದರೂ ಬೇರೆ ಥರ ಕಂಡರೆ ಅಲಾರಂಗೆ ಕಾಯಬೇಡಿ. ‘ಸಿಸ್ಟರ್, ಇವರು ಸಂಜೆ ಇದ್ದ ಹಾಗಿಲ್ಲ, ಒಮ್ಮೆ ಉಸಿರು ಎಣಿಸಿ, ಡಾಕ್ಟರನ್ನ ಕರೀರಿ’ ಅನ್ನಿ. ಬರುವವರೆಗೆ ಅಲ್ಲೇ ನಿಂತಿರಿ.