ಮೊದಲು ಕೋಶಗಳನ್ನು ನೋಡಿಕೊ
ವೈರಸ್ ಹೇಗೆ ಕೋಶವನ್ನು ಬಳಸಿಕೊಳ್ಳುತ್ತದೆ ಎಂದು ನೋಡುವ ಲ್ಯಾಬಿನಲ್ಲಿ ಜಾಗ ಸಿಕ್ಕಿದೆ, ಚಳಿ ತಡೆಯಬಹುದೇ, ಬಿಎಸ್ಸಿ ತರಗತಿ ಜೊತೆ ಲ್ಯಾಬ್ ತೂಗಿಸಬಹುದೇ, ಮೊದಲು ಏನು ಕಲಿಯಲಿ ಎಂದು ಕೇಳಿದ್ದೀಯ. ಈ ದೇಶಕ್ಕೆ ಬಂದ ಹೊಸತರಲ್ಲಿ ನನಗೂ ಇವೇ ಚಿಂತೆಗಳಿದ್ದವು. ಚಳಿಗೆ ಒಳ್ಳೆಯ ಕೋಟು ಸಾಕು. ಬೆಳಿಗ್ಗೆ ಸೋಂಕು ಹಾಕಿದರೆ ರಾತ್ರಿವರೆಗೂ ಸ್ಯಾಂಪಲ್ ತೆಗೆಯಬೇಕಾದೀತು, ತರಗತಿ ಇಲ್ಲದ ದಿನವನ್ನು ಅದಕ್ಕಿಡು.

ಮೊದಲು ಪ್ಲಾಕ್ ಅಸ್ಸೇ ಕಲಿ: ವೈರಸ್ ಕೋಶಗಳನ್ನು ಕೊಂದು ಮಾಡುವ ತೂತುಗಳನ್ನು (ಪ್ಲಾಕ್) ಎಣಿಸಿ ಸೋಂಕು ತಗುಲಿಸಬಲ್ಲ ವೈರಸ್ ಎಷ್ಟಿದೆ ಎಂದು ಅಳೆಯುವ ವಿಧಾನ ಅದು. 6 ಗುಳಿಗಳ ಪ್ಲೇಟಿನಲ್ಲಿ ಕೋಶಗಳು ಶೇ. 90ರಷ್ಟಾದರೂ ಹರಡಿರಲಿ. 900 ಮೈಕ್ರೋಲೀಟರ್ ಮೀಡಿಯಂಗೆ (ಕೋಶ ಬೆಳೆಸುವ ಪೋಷಕ ದ್ರವ) 100 ಮೈಕ್ರೋಲೀಟರ್ ವೈರಸ್ ಹಾಕುತ್ತ ಹತ್ತು ಪಟ್ಟಿನ ಸರಣಿ ಮಾಡು. ಪ್ರತಿ ಹಂತಕ್ಕೂ ಹೊಸ ಟಿಪ್ ಬೇಕು, ಇಲ್ಲದಿದ್ದರೆ ಹಳೆಯದಕ್ಕೆ ಅಂಟಿದ ವೈರಸ್ ಲೆಕ್ಕ ಉಬ್ಬಿಸುತ್ತದೆ. ಗುಳಿಗೆ 200 ಮೈಕ್ರೋಲೀಟರ್ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಡು. ಕಾಲು ಗಂಟೆಗೊಮ್ಮೆ ಪ್ಲೇಟ್ ಅಲುಗಿಸದಿದ್ದರೆ ನಡುವಿನ ಕೋಶಗಳು ಒಣಗುತ್ತವೆ. ವೈರಸ್ ದೂರ ಹರಡದಂತೆ ಮೇಲೆ ಸುರಿಯುವ, ತಣಿದಾಗ ಜೆಲ್ಲಿಯಾಗುವ ಅಗರೋಸ್ ಸುಮಾರು 42 ಡಿಗ್ರಿ ಇರಲಿ: ಬಿಸಿ ಹೆಚ್ಚಾದರೆ ಕೋಶ ಸಾಯುತ್ತದೆ, ಕಡಿಮೆಯಾದರೆ ಗಂಟುಕಟ್ಟುತ್ತದೆ. ಲಕ್ಷಕ್ಕೆ ಒಂದರಷ್ಟು ತೆಳುಮಾಡಿದ ಗುಳಿಯಲ್ಲಿ 40 ಪ್ಲಾಕ್ ಬಂದರೆ, ಮೂಲದಲ್ಲಿ ಮಿಲಿಲೀಟರಿಗೆ (ಹಾಕಿದ್ದು ಮಿಲಿಲೀಟರಿನ ಐದನೇ ಒಂದು ಪಾಲು, ಹಾಗಾಗಿ 40 × 1 ಲಕ್ಷ × 5) ಪ್ಲಾಕ್ ಮಾಡಬಲ್ಲ 2 ಕೋಟಿ ಘಟಕ, ಅಂದರೆ 2 ಕೋಟಿ ಪಿಎಫ್‌ಯು.

ಆದರೆ ಈ ಅಂಕಿ ವೈರಸ್ಸಿನ ಜೊತೆಗೆ ಕೋಶದ ಆರೋಗ್ಯವನ್ನೂ ಹೇಳುತ್ತದೆ. ಇಲ್ಲಿ ತಿಳಿಯಲು ಅತಿ ಕಷ್ಟವಾದದ್ದು ಇದೇ. ಪೋಲಿಯೊ ವೈರಸ್ಸಿನ 2ಎ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಕೋಶದಲ್ಲಿ ಪ್ರೋಟೀನ್ ತಯಾರಿ ಶುರುಮಾಡಲು ಬೇಕಾದ ಇಐಎಫ್4ಜಿ ಪ್ರೋಟೀನನ್ನು ಕತ್ತರಿಸುತ್ತದೆ. ಪ್ರೋಟೀನ್ ತಯಾರಿಯ ಸೂಚನೆ ಹೊತ್ತ ಕೋಶದ ಬಹುಪಾಲು ಎಂಆರ್‌ಎನ್‌ಎಗಳಿಂದ ಪ್ರೋಟೀನ್ ತಯಾರಾಗುವುದು ನಿಲ್ಲುತ್ತದೆ, ವೈರಸ್ ಮಾತ್ರ, ಪ್ರೋಟೀನ್ ಕಟ್ಟುವ ರೈಬೋಸೋಮನ್ನು ನೇರವಾಗಿ ಸೆಳೆಯುವ ತನ್ನ ಆರ್‌ಎನ್‌ಎ ಭಾಗವಾದ ಐಆರ್‌ಇಎಸ್ ಮೂಲಕ ಕೆಲಸ ಸಾಗಿಸುತ್ತದೆ. ಆದರೂ ರೈಬೋಸೋಮು, ಶಕ್ತಿ ಕೊಡುವ ಎಟಿಪಿ, ಅಮೈನೋ ಆಮ್ಲ ಎಲ್ಲವೂ ಕೋಶದ್ದೇ. ಹಾಗಾಗಿ ಎಸ್‌ಐಆರ್‌ಎನ್‌ಎಯಿಂದ ಒಂದು ಜೀನನ್ನು ಅಡಗಿಸಿದ ಮೇಲೆ ವೈರಸ್ ಹತ್ತು ಪಟ್ಟು ಇಳಿಯಿತೆಂದು ಕುಣಿಯಬೇಡ, ಕೋಶವೇ ಬಳಲಿರಬಹುದು. ಸೋಂಕು ಹಾಕದ ಜೋಡಿ ಪ್ಲೇಟಿನಲ್ಲಿ ಬದುಕಿರುವ ಕೋಶಗಳನ್ನು ಎಣಿಸು. ಅದೇ ಜೀನಿನ ಬೇರೆ ಭಾಗಕ್ಕೆ ತಾಗುವ ಎರಡನೇ ಎಸ್‌ಐಆರ್‌ಎನ್‌ಎಯಿಂದಲೂ ಪರೀಕ್ಷಿಸು. ಎಸ್‌ಐಆರ್‌ಎನ್‌ಎಗೆ ಸಿಗದಂತೆ ಬದಲಿಸಿದ ಜೀನನ್ನು ಮರಳಿ ಕೊಟ್ಟಾಗ ವೈರಸ್ ಮತ್ತೆ ಏರಿದರಷ್ಟೇ ನಂಬು. ಕೋಶ ಬಳಲಲು ಇನ್ನೊಂದು ಕಾರಣ, ಕೋಶಗಳ ನಡುವೆ ಸೇರಿಕೊಳ್ಳುವ ಮೈಕೋಪ್ಲಾಸ್ಮಾ ಎಂಬ ಬಹಳ ಸಣ್ಣ ಬ್ಯಾಕ್ಟೀರಿಯಾ: ಅದು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ, ಕೋಶಭಿತ್ತಿ ಇಲ್ಲದ್ದರಿಂದ ಪೆನ್ಸಿಲಿನ್‌ಗೂ ಜಗ್ಗುವುದಿಲ್ಲ. ಅದರ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಸು.

ನಮ್ಮ ರೆಕಾರ್ಡ್ ಬರೆಯುವ ರೀತಿ ನಿನಗೆ ಗೊತ್ತೇ ಇದೆ, ಅದನ್ನು ಇಲ್ಲಿಗೆ ತರಬೇಡ. ಕೆಟ್ಟ ಪ್ಲೇಟನ್ನೂ ಕೋಶದ ಪ್ಯಾಸೇಜ್ ಸಂಖ್ಯೆಯೊಂದಿಗೆ (ಕೋಶಗಳನ್ನು ಎಷ್ಟು ಸಲ ಹೊಸ ಪಾತ್ರೆಗೆ ಬದಲಿಸಿ ಬೆಳೆಸಿದೆ ಎಂಬ ಲೆಕ್ಕ) ಅದೇ ದಿನ ಬರೆ, ಮೇಲಿನವರಿಗೆ ಅದೇ ದಿನ ಹೇಳು. ಕೇಳಿದರೆ ಸಣ್ಣವರಾಗುತ್ತೇವೆಂದು ಸುಮ್ಮನಿದ್ದು ತಿಂಗಳುಗಟ್ಟಲೆ ಕೆಲಸ ಕಳೆದುಕೊಂಡ ನಮ್ಮ ಮಕ್ಕಳನ್ನು ಕಂಡರೆ ನನಗೆ ಈಗಲೂ ಸಂಕಟ.

ಮನೆ ನೆನಪಾಗುತ್ತದೆ, ಹೋಗಿ ಬಾ. ಹೊರಡುವ ಮುಂಚೆ, ಹೆಪ್ಪುಗಟ್ಟುವಾಗ ಕೋಶವನ್ನು ಕಾಯುವ ಶೇ. 10 ಡಿಎಂಎಸ್‌ಒ ಇರುವ ಮೀಡಿಯಂನಲ್ಲಿ, ವಯಲ್‌ಗೆ 10 ಲಕ್ಷದಿಂದ 20 ಲಕ್ಷ ಕೋಶ ಹಾಕಿ, ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ ದ್ರವ ಸಾರಜನಕಕ್ಕೆ ಸೇರಿಸು. ಬಂದ ಮೇಲೆ 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಿ, ಎರಡು ಮೂರು ಪ್ಯಾಸೇಜ್ ಆಗುವವರೆಗೆ ಸೋಂಕು ಹಾಕಬೇಡ.