ಮೈನರ್ ಲೀಗ್‌ನಲ್ಲಿ ಹತ್ತಾರು ವರ್ಷ ಆಡಿದ ಬೇಸ್‌ಬಾಲ್ ಆಟಗಾರನಿಗೆ ಮೇಜರ್ ಲೀಗ್ ತಲುಪುವುದು ಅಷ್ಟು ಕಷ್ಟವೇಕೆ?

ನಿಜವಾಗಿ ಪ್ರತಿಭೆ ಇದ್ದವನು ಬೇಗನೆ ಮೇಲೇರುತ್ತಾನಲ್ಲವೇ, ಹತ್ತು ವರ್ಷವಾದರೂ ಕೆಳಗೇ ಉಳಿದವನು ಆಟ ಬಿಡದೆ ಇರುವುದೇಕೆ ಎಂದು ತಾವು ಕೇಳಿದ್ದೀರಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಮೇಜರ್ ಲೀಗ್ ಅತ್ಯುನ್ನತ ಹಂತ, ಅದರ ತಂಡಗಳಿಗೆ ಆಟಗಾರರನ್ನು ತಯಾರು ಮಾಡುವ ಕೆಳಹಂತಗಳೇ ಮೈನರ್ ಲೀಗ್. ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಮೇಲೆ ಈ ಆಟವನ್ನು ನೋಡಲು ಕಲಿತವನು ನಾನು. ಪ್ರತಿಭೆಯೊಂದೇ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹದಿಮೂರು ವರ್ಷ ಕಾದು ಮೇಜರ್ ಲೀಗ್‌ನಲ್ಲಿ ಬ್ಯಾಟ್ ಹಿಡಿದ ಡ್ರೂ ಮ್ಯಾಗಿ ಅವರ ಬದುಕನ್ನು ನೋಡಿದರೆ ತಾವೂ ಒಪ್ಪಲಾರಿರಿ.

ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದ ಮ್ಯಾಗಿ ಅವರನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ 2010ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆಯ್ಕೆಯಲ್ಲಿ, 15ನೇ ಸುತ್ತಿನಲ್ಲಿ ತೆಗೆದುಕೊಂಡಿತು. ಆ ಸುತ್ತಿನ ಸಂಖ್ಯೆಯಲ್ಲೇ ಅರ್ಧ ಕಥೆ ಇದೆ. ಮೊದಲ ಸುತ್ತಿನವನ ಮೇಲೆ ತಂಡ ಲಕ್ಷಗಟ್ಟಲೆ ಡಾಲರ್ ಸುರಿದಿರುತ್ತದೆಯಾದ್ದರಿಂದ ಅವನು ಒಂದು ವರ್ಷ ಕೆಟ್ಟದಾಗಿ ಆಡಿದರೂ ಮತ್ತೆ ಅವಕಾಶ ಸಿಗುತ್ತದೆ. 15ನೇ ಸುತ್ತಿನವನು ಚೆನ್ನಾಗಿ ಆಡಿದರೂ ಮೊದಲು ಮೇಲಿನವರ ಸರದಿ ಮುಗಿಯಬೇಕು. ಇದರ ಮೇಲೆ ಇನ್ನೊಂದು ಬಾಗಿಲಿದೆ. ಮೇಜರ್ ಲೀಗ್‌ನ 30 ತಂಡಗಳಲ್ಲಿ ಪ್ರತಿಯೊಂದಕ್ಕೂ 40 ಜನರ ಒಂದು ಪಟ್ಟಿ ಇರುತ್ತದೆ, ಅದರೊಳಗಿನ 26 ಜನರಷ್ಟೇ ಋತುವಿನ ಬಹುಭಾಗ ಮೈದಾನಕ್ಕೆ ಲಭ್ಯರಿರುತ್ತಾರೆ. ಆ ನಲವತ್ತರ ಹೊರಗಿರುವವನನ್ನು ಕರೆಸಬೇಕಾದರೆ, ಪಟ್ಟಿ ತುಂಬಿದ್ದಾಗ, ಒಳಗಿರುವ ಒಬ್ಬನನ್ನು ಕಳೆದುಕೊಳ್ಳಲು ತಂಡ ಸಿದ್ಧವಿರಬೇಕು. ಮೂವತ್ತು ದಾಟಿದ, ಹಲವು ಸ್ಥಾನಗಳಲ್ಲಿ ನಿಂತು ಆಡಬಲ್ಲ ಸಾಮಾನ್ಯ ಬ್ಯಾಟರ್‌ಗಾಗಿ ಆ ಬೆಲೆ ತೆರುವವರು ಬಹಳ ಕಡಿಮೆ.

ಹೀಗಾಗಿ ಮ್ಯಾಗಿ ಅವರು ಊರಿಂದ ಊರಿಗೆ ಬಸ್ಸಿನಲ್ಲಿ ತಿರುಗಿದರು. ಏಂಜಲ್ಸ್, ಡಾಜರ್ಸ್, ಕ್ಲೀವ್‌ಲ್ಯಾಂಡ್, ಟ್ವಿನ್ಸ್ ಮುಂತಾದ ತಂಡಗಳ ಕೆಳಹಂತಗಳಲ್ಲಿ ಆಡಿದರು. 2020ರಲ್ಲಿ ಕೋವಿಡ್ ಕಾರಣ ಮೈನರ್ ಲೀಗ್‌ನ ಋತುವೇ ನಡೆಯಲಿಲ್ಲ. ಆ ವರ್ಷಗಳ ಸಂಬಳವನ್ನೂ ಹೇಳಬೇಕು: ಮೈನರ್ ಲೀಗ್‌ನಲ್ಲಿ ಮೇಲಿನಿಂದ ಎರಡನೆಯದಾದ ಡಬಲ್-ಎ ಹಂತದಲ್ಲಿ ಕನಿಷ್ಠ ವೇತನ 2020ರವರೆಗೂ ವಾರಕ್ಕೆ 350 ಡಾಲರ್, ಅದೂ ಋತು ನಡೆಯುವ ತಿಂಗಳುಗಳಿಗೆ ಮಾತ್ರ. ಆಟಗಾರರ ಸಂಘದೊಂದಿಗಿನ 2023ರ ಒಪ್ಪಂದದ ನಂತರ ಅದು ವರ್ಷಕ್ಕೆ 30,250 ಡಾಲರ್ ಆಯಿತು. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000 ಡಾಲರ್. ನಮ್ಮಲ್ಲಿ ರಣಜಿ ಆಡಿದವನನ್ನು ಅವನ ಊರಾದರೂ ಗುರುತಿಸುತ್ತದೆ. ಇಲ್ಲಿ ಪ್ರತಿ ವರ್ಷ ಬೇರೆ ಊರು, ಬೇರೆ ಅಂಗಿ.

ನನ್ನ ಮಟ್ಟಿಗೆ ಅವರ ಹಾದಿಯ ಅತ್ಯಂತ ಕಠಿಣ ಘಟ್ಟ 2021ರ ಸೆಪ್ಟೆಂಬರ್. ಟ್ವಿನ್ಸ್ ತಂಡ ಅವರನ್ನು ಮೇಜರ್ ಲೀಗ್‌ಗೆ ಕರೆಸಿತು, ಅವರು ಸಮವಸ್ತ್ರ ತೊಟ್ಟು ಬೆಂಚಿನಲ್ಲಿ ಕುಳಿತರು, ಒಂದು ಚೆಂಡನ್ನೂ ಎದುರಿಸದೆ ಹಿಂದಿರುಗಿದರು. ಹೊಸ್ತಿಲು ದಾಟಿದರೂ ಊಟಕ್ಕೆ ಎಲೆ ಹಾಕದೆ ಕಳಿಸಿದಂತೆ ಅದು. ಅನೇಕರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಅವರು ನಿಲ್ಲಿಸಲಿಲ್ಲ.

2023ರ ಏಪ್ರಿಲ್‌ನಲ್ಲಿ ಅವರು ಪೈರೇಟ್ಸ್‌ನ ಡಬಲ್-ಎ ತಂಡವಾದ ಆಲ್ಟೂನಾ ಕರ್ವ್‌ನಲ್ಲಿದ್ದರು. ಬಲಬದಿಯ ಬೇಲಿಯಾಚೆ ಮನರಂಜನಾ ಉದ್ಯಾನದ ಹಳೆಯ ಮರದ ರೋಲರ್ ಕೋಸ್ಟರ್ ಕಾಣುವ ಚಿಕ್ಕ ಮೈದಾನ ಅದು. ಅಲ್ಲಿನ ಆಟಗಾರರಲ್ಲಿ ಬಹುತೇಕರು ಇಪ್ಪತ್ತರ ಆಸುಪಾಸಿನ ಹುಡುಗರು, ಇವರಿಗೆ ಮೂವತ್ಮೂರು. ಪೈರೇಟ್ಸ್‌ನ ಒಬ್ಬ ಪ್ರಮುಖ ಆಟಗಾರ ಕುಟುಂಬದ ಕಾರಣದಿಂದ ಕೆಲವು ದಿನ ರಜೆ ಪಡೆದದ್ದರಿಂದ ಜಾಗವೊಂದು ತೆರವಾಯಿತು, ಕರೆ ಇವರಿಗೆ ಬಂತು. ಏಪ್ರಿಲ್ 26ರಂದು ಪೈರೇಟ್ಸ್‌ನ ತವರು ಮೈದಾನವಾದ ಪಿಎನ್‌ಸಿ ಪಾರ್ಕ್‌ನಲ್ಲಿ ಡಾಜರ್ಸ್ ವಿರುದ್ಧ ಎಂಟನೇ ಇನಿಂಗ್ಸ್‌ನಲ್ಲಿ, ಪಿಟ್ಸ್‌ಬರ್ಗಿನ ಕಣ್ಮಣಿಯಾದ ಆಂಡ್ರ್ಯೂ ಮೆಕಚನ್ ಅವರ ಬದಲಿಗೆ ಮ್ಯಾಗಿ ಬ್ಯಾಟ್ ಹಿಡಿದು ಬಂದಾಗ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೈನರ್ ಲೀಗ್‌ನಲ್ಲಿ 1,100ಕ್ಕೂ ಹೆಚ್ಚು ಪಂದ್ಯಗಳಾದ ಮೇಲಿನ ಮೊದಲ ಸರದಿ. ಅವರು ಸ್ಟ್ರೈಕ್‌ಔಟ್ ಆದರು, ಅಂದರೆ ಮೂರು ಸ್ಟ್ರೈಕ್‌ಗಳಾಗಿ ಔಟಾದರು. ಮನೆಯಲ್ಲಿ ಟಿವಿ ಮುಂದೆ ಕುಳಿತಿದ್ದ ನಾನೂ ಎದ್ದು ನಿಂತಿದ್ದೆ, ಔಟಾದ ಮೇಲೂ ಕೂರಲು ಮನಸ್ಸಾಗಲಿಲ್ಲ.

ಮೂರು ದಿನಗಳ ಬಳಿಕ ವಾಷಿಂಗ್ಟನ್‌ನಲ್ಲಿ ಅವರ ಮೊದಲ ಹಿಟ್, ಅಂದರೆ ಚೆಂಡನ್ನು ಹೊಡೆದು ಔಟಾಗದೆ ಬೇಸ್ ತಲುಪಿದ ಹೊಡೆತ, ಬಂತು. ಅದಾದ ಕೆಲವೇ ದಿನಗಳಲ್ಲಿ ತಂಡ ಅವರ ಜಾಗವನ್ನು ಹಿಂತೆಗೆದುಕೊಂಡಿತು. ಮೂರು ಪಂದ್ಯಕ್ಕಾಗಿ ಹದಿಮೂರು ವರ್ಷವೇ ಎಂದು ಯಾರಾದರೂ ಲೆಕ್ಕ ಹಾಕಬಹುದು, ಆದರೆ ಆ ಲೆಕ್ಕವೇ ತಪ್ಪೆಂದು ನನಗೆ ಅನಿಸುತ್ತದೆ: ಆ ಸಾವಿರದ ನೂರು ಪಂದ್ಯಗಳೂ ವೃತ್ತಿಯ ಬೇಸ್‌ಬಾಲೇ. ಆಲ್ಟೂನಾದಲ್ಲಿ ಟಿಕೆಟ್ ಕೊಂಡು ಕುಳಿತವರು ನೋಡಿದ್ದು ತಾಲೀಮನ್ನಲ್ಲ, ಆಟವನ್ನು.