ಓದುಗರ ಪ್ರಶ್ನೆ: ಹಳೆಯ ಫೋನ್ ಬದಲಿಸುವ ಹೊತ್ತು

ಪ್ರಶ್ನೆ: ನನ್ನ ಸ್ಮಾರ್ಟ್‌ಫೋನಿಗೆ ಆರು ವರ್ಷವಾಯಿತು. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದರೂ ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗುತ್ತದೆ, ಆ್ಯಪ್ ತೆರೆದರೆ ಕಾಯುತ್ತ ಕೂರಬೇಕು, ‘ಜಾಗ ಸಾಲದು’ ಎಂಬ ಸೂಚನೆ ದಿನವೂ ಬರುತ್ತದೆ. ಕಡಿಮೆ ಬೆಲೆಯ ಹೊಸ ಫೋನ್‌ಗಳನ್ನು ನೋಡಿದರೆ ಎಲ್ಲದರ ಮೇಲೂ 50 ಮೆಗಾಪಿಕ್ಸೆಲ್, 120 ಹರ್ಟ್ಜ್, 16 ಜಿಬಿ ರ‍್ಯಾಮ್ ಎಂದೇ ಬರೆದಿರುತ್ತದೆ. ಇವುಗಳಲ್ಲಿ ಯಾವುದನ್ನು ನಂಬಿ ಆರಿಸಲಿ?

ಉತ್ತರ: ಹೊಸದನ್ನು ಆರಿಸುವ ಮೊದಲು ನಿಮ್ಮ ಫೋನಿನಲ್ಲಿ ಮುಪ್ಪಾಗಿರುವುದು ಯಾವುದು ಎಂಬುದನ್ನು ತಿಳಿದುಕೊಳ್ಳಬೇಕು. ನೀವು ಬರೆದಿರುವ ಮೂರು ತೊಂದರೆಗಳಿಗೂ ಕಾರಣ ಒಂದೇ ಆಗಿರಬೇಕಿಲ್ಲ.

ಲಿಥಿಯಂ ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಿದಾಗಲೆಲ್ಲ ಅದರೊಳಗಿನ ಲಿಥಿಯಂನ ಅತ್ಯಲ್ಪ ಪಾಲು ಋಣಧ್ರುವದ ಮೇಲಿನ ತೆಳುಪದರದಲ್ಲಿ ಸಿಕ್ಕಿಕೊಂಡು ಮತ್ತೆ ಕೆಲಸಕ್ಕೆ ಬಾರದಂತಾಗುತ್ತದೆ, ಜೊತೆಗೆ ವಿದ್ಯುತ್ ಹರಿವಿಗೆ ಬ್ಯಾಟರಿಯೊಳಗೇ ಆಗುವ ತಡೆ, ಅಂದರೆ ಒಳರೋಧವೂ ಹೆಚ್ಚುತ್ತ ಹೋಗುತ್ತದೆ; ಬಿಸಿ ಹೆಚ್ಚಾದಷ್ಟೂ ಈ ಸವಕಳಿ ಬೇಗ ಆಗುತ್ತದೆ. ಆರು ವರ್ಷದ ಹಿಂದಿನ ಫೋನ್‌ಗಳಲ್ಲಿ ಸುಮಾರು 500 ಪೂರ್ಣ ಚಾರ್ಜ್‌ಗಳ ನಂತರ ಬ್ಯಾಟರಿಯ ಸಾಮರ್ಥ್ಯ ಮೂಲದ ಶೇ. 80ರ ಆಸುಪಾಸಿಗೆ ಇಳಿಯುವುದು ಸಾಮಾನ್ಯವಾಗಿತ್ತು. ನೀವು ದಿನಕ್ಕೊಮ್ಮೆ ಚಾರ್ಜ್ ಮಾಡಿದ್ದರೂ ಆ ಗಡಿಯನ್ನು ದಾಟಿ ಬಹಳ ಕಾಲವಾಗಿದೆ. ಸವೆದ ಬ್ಯಾಟರಿ ಬೇಗ ಬರಿದಾಗುವುದಷ್ಟೇ ಅಲ್ಲ, ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದಾಗ ಕೊಡಲಾರದೆ ಫೋನ್ ತಟ್ಟನೆ ಆಫ್ ಆಗಲೂಬಹುದು. ಸವೆದ ಬ್ಯಾಟರಿಯಿರುವ ಐಫೋನ್‌ಗಳು ಹೀಗೆ ಆಫ್ ಆಗದಿರಲೆಂದು ಸಾಫ್ಟ್‌ವೇರ್ ಮೂಲಕ ಅವುಗಳ ವೇಗವನ್ನೇ ತಗ್ಗಿಸಿದ್ದಾಗಿ ಆ್ಯಪಲ್ ಕಂಪನಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. ಬ್ಯಾಟರಿ ಬದಲಿಸಿದ ಮೇಲೆ ಆ ಫೋನ್‌ಗಳ ವೇಗ ಮರಳಿತು. ಆದ್ದರಿಂದ ತೊಂದರೆ ಚಾರ್ಜ್‌ನದು ಮಾತ್ರವಾಗಿದ್ದರೆ, ಹೊಸ ಬ್ಯಾಟರಿ ಹಾಕಿಸಿ ಇನ್ನೊಂದು ವರ್ಷ ಅದೇ ಫೋನ್ ಬಳಸುವುದು ಹಲವು ಸಲ ಒಳ್ಳೆಯ ತೀರ್ಮಾನವೇ ಆಗುತ್ತದೆ. ಬ್ಯಾಟರಿ ಉಬ್ಬಿ ಪರದೆಯೋ ಹಿಂಬದಿಯ ಮುಚ್ಚಳವೋ ಎದ್ದಂತೆ ಕಂಡರೆ ಮಾತ್ರ ಒಂದು ದಿನವೂ ತಡಮಾಡಬೇಡಿ. ಚಾರ್ಜ್ ಹಾಕುವುದನ್ನು ನಿಲ್ಲಿಸಿ, ಒತ್ತದೆ, ಚುಚ್ಚದೆ ಅದನ್ನು ತಿಳಿದವರ ಕೈಗೆ ಒಪ್ಪಿಸಿ.

ಆದರೆ ಬ್ಯಾಟರಿ ಬದಲಿಸಿದರೂ ಸರಿಹೋಗದ ಮುಪ್ಪೊಂದಿದೆ. ಸೆಟ್ಟಿಂಗ್‌ಗಳಲ್ಲಿ ‘ಫೋನ್ ಕುರಿತು’ ಎಂಬ ಭಾಗಕ್ಕೆ ಹೋಗಿ, ಆಂಡ್ರಾಯ್ಡ್ ಆವೃತ್ತಿಯ ವಿವರದಲ್ಲಿ ಭದ್ರತಾ ಅಪ್‌ಡೇಟ್‌ನ ದಿನಾಂಕವನ್ನು ನೋಡಿ. ಆಂಡ್ರಾಯ್ಡ್‌ನಲ್ಲಿ ಪತ್ತೆಯಾದ ಭದ್ರತಾ ದೋಷಗಳ ಪಟ್ಟಿಯನ್ನು ಗೂಗಲ್ 2015ರಿಂದ ಸಾರ್ವಜನಿಕವಾಗಿ ಪ್ರಕಟಿಸುತ್ತ ಬಂದಿದೆ. ಪಟ್ಟಿ ಪ್ರಕಟವಾದ ಮೇಲೆ ಆ ದೋಷಗಳು ಕಳ್ಳರಿಗೂ ಗೊತ್ತಾಗುತ್ತವೆ. ಅವನ್ನು ಮುಚ್ಚುವ ಅಪ್‌ಡೇಟ್ ಎಂಬ ತೇಪೆ ಸಿಗದ ಫೋನಿನಲ್ಲಿ ಮಾತ್ರ ಅವು ಹಾಗೆಯೇ ಉಳಿಯುತ್ತವೆ. ಅಲ್ಲಿನ ದಿನಾಂಕ ಎರಡು ಮೂರು ವರ್ಷ ಹಿಂದಿನದಾಗಿದ್ದು, ನೀವು ಅದೇ ಫೋನಿನಲ್ಲಿ ಬ್ಯಾಂಕಿನ ವ್ಯವಹಾರವನ್ನೂ ಮಾಡುತ್ತಿದ್ದರೆ, ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ.

ಹೊಸ ಫೋನ್ ಆರಿಸುವಾಗಲೂ ನಾನು ಮೊದಲು ಕೇಳುವ ಪ್ರಶ್ನೆ ಇದೇ. ಈ ಮಾದರಿಗೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಸಿಗುತ್ತದೆ? ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದು ಅಪರೂಪ, ತಯಾರಕರ ಜಾಲತಾಣದಲ್ಲಿ ಹುಡುಕಬೇಕು. ಇಲ್ಲಿ ಅನೇಕರು ಎಡವುವ ಒಂದು ಸಂಗತಿಯಿದೆ. ಭರವಸೆ ಕೊಟ್ಟ ವರ್ಷಗಳನ್ನು ಸಾಮಾನ್ಯವಾಗಿ ಆ ಮಾದರಿ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ ಲೆಕ್ಕ ಹಾಕುತ್ತಾರೆಯೇ ಹೊರತು ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷದ ಭರವಸೆಯಿರುವ ಫೋನನ್ನು ಅದು ಬಂದು ಎರಡು ವರ್ಷವಾದ ಮೇಲೆ ರಿಯಾಯಿತಿಯಲ್ಲಿ ಕೊಂಡರೆ ನಿಮಗೆ ದಕ್ಕುವುದು ಎರಡೇ ವರ್ಷ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳ ಭರವಸೆ ಬೇರೆ, ಭದ್ರತಾ ಅಪ್‌ಡೇಟ್‌ನ ಭರವಸೆ ಬೇರೆ ಎಂಬುದೂ ನೆನಪಿರಲಿ. ನಿಮಗೆ ಎರಡನೆಯದೇ ಮುಖ್ಯ. ಕಡಿಮೆ ಬೆಲೆಯ ಫೋನಿಗೆ ದೀರ್ಘ ಬೆಂಬಲ ಕೊಡಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2025ರ ಜೂನ್ 20ರಿಂದ ಐರೋಪ್ಯ ಒಕ್ಕೂಟದಲ್ಲಿ ಜಾರಿಗೆ ಬಂದ ನಿಯಮವು, ಮಾದರಿಯೊಂದರ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅದರ ಅಪ್‌ಡೇಟ್‌ಗಳು ದೊರೆಯಬೇಕು, 800 ಪೂರ್ಣ ಚಾರ್ಜ್‌ಗಳ ನಂತರವೂ ಬ್ಯಾಟರಿ ತನ್ನ ಸಾಮರ್ಥ್ಯದ ಶೇ. 80ರಷ್ಟನ್ನು ಉಳಿಸಿಕೊಂಡಿರಬೇಕು ಎಂದು ಬಯಸುತ್ತದೆ. ನೀವು ಎಲ್ಲೇ ಕೊಂಡರೂ ಹೋಲಿಸಿ ನೋಡಲು ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಎರಡನೆಯದಾಗಿ ಸ್ಟೋರೇಜ್. ಎಷ್ಟು ಜಿಬಿ ಎಂಬುದನ್ನು ಎಲ್ಲರೂ ನೋಡುತ್ತಾರೆ, ಯಾವ ಬಗೆಯದು ಎಂಬುದನ್ನು ನೋಡುವವರು ಕಡಿಮೆ. ಅಗ್ಗದ ಫೋನ್‌ಗಳಲ್ಲಿ ಇಎಂಎಂಸಿ ಮತ್ತು ಯುಎಫ್‌ಎಸ್ ಎಂಬ ಎರಡು ಬಗೆ ಕಾಣಸಿಗುತ್ತವೆ. ಇಎಂಎಂಸಿ ಒಬ್ಬರು ದಾಟುವವರೆಗೆ ಇನ್ನೊಬ್ಬರು ಕಾಯಬೇಕಾದ ಕಿರುಸೇತುವೆಯಂತೆ, ಓದುವುದು ಮತ್ತು ಬರೆಯುವುದು ಅದರಲ್ಲಿ ಏಕಕಾಲಕ್ಕೆ ಆಗದು. ಯುಎಫ್‌ಎಸ್‌ನಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಇಎಂಎಂಸಿ 5.1ರ ಸಂಪರ್ಕದ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ, ಯುಎಫ್‌ಎಸ್ 2ರ ಸರಣಿಯದು ಸುಮಾರು 1,200 ಎಂಬಿ. ಫೋನ್ ಕೊಂಡ ವಾರದಲ್ಲಿ ಈ ವ್ಯತ್ಯಾಸ ನಿಮಗೆ ಕಾಣದೆಯೂ ಇರಬಹುದು. ಒಂದು ಕಡೆ ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುವಾಗ ಇನ್ನೊಂದು ಕಡೆ ಸಂದೇಶ ತೆರೆಯಲು ಹೊರಟು, ಫೋನ್ ಸ್ತಬ್ಧವಾಗಿ ನಿಂತಾಗ ಅದು ಅರಿವಿಗೆ ಬರುತ್ತದೆ. ಪ್ರೊಸೆಸರ್‌ನ ಹೆಸರಿಗೆ ಕೊಡುವ ಗಮನದ ಅರ್ಧದಷ್ಟನ್ನಾದರೂ ಇದಕ್ಕೆ ಕೊಡಿ. ಪ್ರಮಾಣ 128 ಜಿಬಿಗಿಂತ ಕಡಿಮೆ ಬೇಡ. ನಾನು ಒಮ್ಮೆ ಉಳಿತಾಯದ ಆಸೆಗೆ 32 ಜಿಬಿಯ ಫೋನ್ ಕೊಂಡು, ವರ್ಷ ಕಳೆಯುವಷ್ಟರಲ್ಲಿ ಪ್ರತಿ ಅಪ್‌ಡೇಟ್‌ಗೂ ಮುನ್ನ ಯಾವ ಫೋಟೊ ಅಳಿಸಲಿ ಎಂದು ಹುಡುಕುವ ಸ್ಥಿತಿಗೆ ಬಂದಿದ್ದೆ. ಮೆಮೊರಿ ಕಾರ್ಡ್ ಫೋಟೊ, ವಿಡಿಯೊಗಳ ಭಾರವನ್ನು ಇಳಿಸುತ್ತದೆ ನಿಜ, ಆದರೆ ಆ್ಯಪ್‌ಗಳಿಗೆ ಒಳಗಿನ ಜಾಗವೇ ಬೇಕು.

ರ‍್ಯಾಮ್ ಎಂದರೆ ತೆರೆದ ಆ್ಯಪ್‌ಗಳು ಕೆಲಸ ಮಾಡುವ ತಾತ್ಕಾಲಿಕ ಜಾಗ. ನೀವು ಕಂಡ 16 ಜಿಬಿ ರ‍್ಯಾಮ್ ಬಹುತೇಕ 8 ಕೂಡಿಸು 8 ಆಗಿರುತ್ತದೆ. ಅದರಲ್ಲಿ ಎರಡನೆಯ ಎಂಟು ರ‍್ಯಾಮ್ ಅಲ್ಲ, ಸ್ಟೋರೇಜ್‌ನಿಂದ ಕಡ ತಂದ ಜಾಗ. ರ‍್ಯಾಮ್‌ಗಿಂತ ಅದು ಎಷ್ಟೋ ನಿಧಾನ, ನಿಮ್ಮ 128 ಜಿಬಿಯಲ್ಲೇ ಅಷ್ಟನ್ನು ಕಿತ್ತುಕೊಳ್ಳುವಂಥದ್ದು. ಕೂಡಿಸುವ ಚಿಹ್ನೆಯ ಮೊದಲಿನ ಅಂಕಿಯನ್ನು ಮಾತ್ರ ಎಣಿಸಿ. ಅದು 6 ಇದ್ದರೆ ನೆಮ್ಮದಿ, 4 ಇದ್ದರೆ ಸಾಧಾರಣ ಬಳಕೆಗೆ ಈಗ ಸಾಕಾದೀತು, ನಾಲ್ಕು ವರ್ಷ ಬಾಳಿಸುವ ಉದ್ದೇಶವಿದ್ದರೆ ಸಾಲದು.

ಕ್ಯಾಮೆರಾದ 50 ಮೆಗಾಪಿಕ್ಸೆಲ್ ಸುಳ್ಳಲ್ಲ, ಆದರೆ ಸಾಮಾನ್ಯ ಬಳಕೆಯಲ್ಲಿ ಫೋನ್ ನಾಲ್ಕು ಬಿಂದುಗಳನ್ನು (ಪಿಕ್ಸೆಲ್‌ಗಳನ್ನು) ಸೇರಿಸಿ ಒಂದಾಗಿಸುವುದರಿಂದ ಚಿತ್ರ ಮೂಡುವುದು 12.5 ಮೆಗಾಪಿಕ್ಸೆಲ್‌ನಲ್ಲಿ. ಮಂದ ಬೆಳಕಿನಲ್ಲಿ ಚಿತ್ರ ಹೇಗೆ ಬರುತ್ತದೆ ಎಂಬುದನ್ನು ಸೆನ್ಸರ್‌ನ ಗಾತ್ರ ಮತ್ತು ಮಸೂರ ನಿರ್ಧರಿಸುತ್ತವೆ. ಹಿಂಬದಿಯಲ್ಲಿ ಜೊತೆಗಿರುವ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ (ತೀರ ಹತ್ತಿರದ ವಸ್ತುಗಳಿಗೆ), ಡೆಪ್ತ್ (ದೂರ ಅಂದಾಜಿಸಲು) ಕ್ಯಾಮೆರಾಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪರದೆಯ ವಿಷಯದಲ್ಲಿ, ಚಿತ್ರ ಸೆಕೆಂಡಿಗೆ 120 ಸಲ ಹೊಸದಾಗುತ್ತದೆ ಎಂದು ಹೇಳುವ 120 ಹರ್ಟ್ಜ್‌ಗಿಂತ ಸ್ಪಷ್ಟತೆಗೆ ಮನ್ನಣೆ ಕೊಡಿ. 6.6 ಇಂಚಿನ ಪರದೆಯಲ್ಲಿ 720 ಗುಣಿಸು 1600 ಇದ್ದರೆ ಇಂಚಿಗೆ ಸುಮಾರು 266 ಬಿಂದುಗಳು, 1080 ಗುಣಿಸು 2400 ಇದ್ದರೆ ಸುಮಾರು 399. ಕನ್ನಡದ ಒತ್ತಕ್ಷರಗಳನ್ನು ಚಿಕ್ಕ ಗಾತ್ರದಲ್ಲಿ ಓದುವವರಿಗೆ, ಅದರಲ್ಲೂ ವಯಸ್ಸಾದ ಕಣ್ಣುಗಳಿಗೆ, ಈ ಅಂತರ ಚೆನ್ನಾಗಿಯೇ ತಿಳಿಯುತ್ತದೆ.

ಪ್ರಶ್ನೆ: ಹೊಸ ಅಗ್ಗದ ಫೋನಿನ ಬದಲು ಅಷ್ಟೇ ಹಣಕ್ಕೆ ಯಾರೋ ಬಳಸಿದ ದುಬಾರಿ ಫೋನ್ ಕೊಳ್ಳುವುದು ಜಾಣತನವೇ?

ಉತ್ತರ: ಕೆಲವೊಮ್ಮೆ ಹೌದು. ಕ್ಯಾಮೆರಾ, ಪರದೆ, ಸ್ಟೋರೇಜ್‌ನ ವೇಗ ಇವೆಲ್ಲ ಮೂರು ವರ್ಷ ಹಳೆಯ ದುಬಾರಿ ಫೋನಿನಲ್ಲಿಯೇ ಮೇಲಾಗಿರಬಹುದು. ಗೂಗಲ್ 2023ರಲ್ಲಿ ತಂದ ಪಿಕ್ಸೆಲ್ 8ಕ್ಕೆ ಏಳು ವರ್ಷಗಳ ಅಪ್‌ಡೇಟ್ ಘೋಷಿಸಿರುವುದರಿಂದ, ಅಂಥ ಫೋನ್ ಕೈ ಬದಲಿಸಿದರೂ ಆಯಸ್ಸು ಉಳಿದಿರುತ್ತದೆ. ಆದರೆ ಅಪ್‌ಡೇಟ್ ಮುಗಿಯುತ್ತ ಬಂದ ಫೋನನ್ನು ಹೆಸರಿಗೆ ಮರುಳಾಗಿ ಕೊಳ್ಳಬೇಡಿ, ಹೊಸ ಬ್ಯಾಟರಿಯ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿಕೊಳ್ಳಿ. *#06# ಒತ್ತಿದಾಗ ಕಾಣುವ ಐಎಂಇಐ, ಅಂದರೆ ಆ ಫೋನಿಗಷ್ಟೇ ಸೇರಿದ ಗುರುತಿನ ಸಂಖ್ಯೆ, ಪೆಟ್ಟಿಗೆ ಮತ್ತು ಬಿಲ್ಲಿನ ಸಂಖ್ಯೆಗೆ ಹೊಂದಬೇಕು. ಹಿಂದಿನ ಮಾಲೀಕರ ಖಾತೆ ಫೋನಿನಲ್ಲಿ ಉಳಿದಿಲ್ಲ ಎಂಬುದನ್ನು ನಿಮ್ಮ ಕಣ್ಣೆದುರಿಗೇ ಖಚಿತಪಡಿಸಿಕೊಂಡು ಹಣ ಕೊಡಿ.

ಪ್ರಶ್ನೆ: ಹೊಸ ಫೋನ್ ಬಂದ ಮೇಲೆ ಹಳೆಯದನ್ನು ಬೇರೆಯವರಿಗೆ ಕೊಡುವ ಮುನ್ನ ಏನು ಮಾಡಬೇಕು?

ಉತ್ತರ: ಹೊಸದು ಬಂದ ದಿನವೇ ಹಳೆಯದನ್ನು ಅಳಿಸಬೇಡಿ, ಎರಡು ವಾರವಾದರೂ ಜೊತೆಯಲ್ಲಿಟ್ಟುಕೊಳ್ಳಿ. ಫೋಟೊ ಮತ್ತು ಸಂಪರ್ಕ ಸಂಖ್ಯೆಗಳು ಸುಲಭವಾಗಿ ಬಂದುಬಿಡುತ್ತವೆ. ಮರೆತುಹೋಗುವುದು ಎರಡು ಹಂತದ ದೃಢೀಕರಣಕ್ಕೆಂದು ಅಂಕಿಗಳನ್ನು ನೀಡುವ ಅಥೆಂಟಿಕೇಟರ್ ಆ್ಯಪ್. ಅದರೊಳಗಿನ ಖಾತೆಗಳನ್ನು ಹೊಸ ಫೋನಿಗೆ ವರ್ಗಾಯಿಸದೆ ಹಳೆಯದನ್ನು ಅಳಿಸಿದರೆ ನಿಮ್ಮ ಇಮೇಲ್‌ಗೆ ನೀವೇ ಹೊರಗಿನವರಾಗುತ್ತೀರಿ. ವಾಟ್ಸ್‌ಆ್ಯಪ್ ಮಾತುಕತೆಗಳನ್ನೂ ವರ್ಗಾಯಿಸಿ, ಹೊಸ ಫೋನಿನಲ್ಲಿ ಹಳೆಯ ಸಂದೇಶವೊಂದನ್ನು ತೆರೆದು ನೋಡಿ. ಆಮೇಲೆ ಬ್ಯಾಂಕ್ ಆ್ಯಪ್‌ಗಳಿಂದ ಹೊರಬಂದು, ಗೂಗಲ್ ಖಾತೆಯನ್ನು ಸೆಟ್ಟಿಂಗ್‌ಗಳಿಂದ ತೆಗೆದುಹಾಕಿ, ಸಿಮ್ ಮತ್ತು ಮೆಮೊರಿ ಕಾರ್ಡ್ ಹೊರತೆಗೆದ ಬಳಿಕವೇ ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಖಾತೆಯನ್ನು ಉಳಿಸಿ ರೀಸೆಟ್ ಮಾಡಿದರೆ ಫೋನ್ ಮತ್ತೆ ನಿಮ್ಮ ಪಾಸ್‌ವರ್ಡನ್ನೇ ಕೇಳಿ, ಪಡೆದವರಿಗೆ ಉಪಯೋಗಕ್ಕೆ ಬಾರದಂತಾಗುವ ಸಾಧ್ಯತೆಯಿದೆ. ಅಪ್‌ಡೇಟ್ ನಿಂತುಹೋದ ಫೋನನ್ನು ಮನೆಯ ಹಿರಿಯರಿಗೆ ದಾಟಿಸುವ ರೂಢಿ ಹಲವರಲ್ಲಿದೆ. ಮೋಸದ ಕರೆ, ಮೋಸದ ಕೊಂಡಿಗಳಿಗೆ ಬೇಗ ಗುರಿಯಾಗುವವರು ಅವರೇ ಆದ್ದರಿಂದ, ಅಂಥ ಫೋನನ್ನು ಹಾಡು ಕೇಳಲು, ಓದಲು ಮಾತ್ರ ಬಳಸುವಂತೆ ಅಣಿಗೊಳಿಸಿ ಕೊಡಿ. ಬ್ಯಾಂಕ್ ಖಾತೆಯನ್ನು ಅದಕ್ಕೆ ಜೋಡಿಸಬೇಡಿ.